ಘಾತಾಂಕ ನಿಯಮಗಳು

ಘಾತಾಂಕ ನಿಯಮಗಳು ಎಂದರೆ ಘಾತರೂಪದಲ್ಲಿರುವ ಸಂಖ್ಯೆಗಳನ್ನೂ ಬೀಜೋಕ್ತಿಗಳನ್ನೂ ಸುಲಭ ರೂಪಕ್ಕೆ ತರಲು ಬಳಸುವ ಗಣಿತ ನಿಯಮಗಳು. 2⁵ ಎಂಬಲ್ಲಿ 2 ಆಧಾರ ಸಂಖ್ಯೆ, 5 ಘಾತಾಂಕ. ಐದು 2ಗಳ ಗುಣಲಬ್ಧ ಎಂಬುದು ಇದರ ಅರ್ಥ, ಬೆಲೆ 32. ಅಮೆರಿಕದ ಕಾಲೇಜು ಪ್ರವೇಶಕ್ಕೆ ನಡೆಯುವ ಎಸ್‌ಎಟಿ ಪರೀಕ್ಷೆಯ ಗಣಿತ ವಿಭಾಗದಲ್ಲಿ ಈ ನಿಯಮಗಳನ್ನು ಆಧರಿಸಿದ ಪ್ರಶ್ನೆಗಳಿರುತ್ತವೆ.

ಇತಿಹಾಸ

ಕ್ರಿ.ಪೂ. 3ನೆಯ ಶತಮಾನದ ಗ್ರೀಕ್ ಗಣಿತಜ್ಞ ಆರ್ಕಿಮಿಡೀಸನು ವಿಶ್ವವನ್ನು ತುಂಬಬಲ್ಲ ಮರಳಿನ ಕಣಗಳ ಸಂಖ್ಯೆಯನ್ನು ಅಂದಾಜಿಸುವ ತನ್ನ ಕೃತಿಯಲ್ಲಿ 10ರ ಘಾತಗಳನ್ನು ಗುಣಿಸುವ ನಿಯಮವನ್ನು ಬಳಸಿದನು. ಜರ್ಮನಿಯ ಮೈಕೆಲ್ ಸ್ಟಿಫೆಲ್ 1544ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ 'ಎಕ್ಸ್‌ಪೊನೆಂಟ್' ಎಂಬ ಪದ ಬಳಕೆಗೆ ಬಂದಿತು. ಘಾತಾಂಕವನ್ನು ಆಧಾರ ಸಂಖ್ಯೆಯ ಬಲ ಮೇಲ್ತುದಿಯಲ್ಲಿ ಚಿಕ್ಕದಾಗಿ ಬರೆಯುವ ಇಂದಿನ ಪದ್ಧತಿಯು ಫ್ರಾನ್ಸಿನ ರೆನೆ ಡೆಕಾರ್ಟೆಯ 1637ರ ಜ್ಯಾಮಿತಿ ಗ್ರಂಥದಿಂದ ರೂಢಿಗೆ ಬಂದಿತು.

ಮುಖ್ಯ ನಿಯಮಗಳು

• ಗುಣಾಕಾರ: ಆಧಾರ ಸಂಖ್ಯೆ ಒಂದೇ ಆಗಿದ್ದರೆ ಘಾತಾಂಕಗಳನ್ನು ಕೂಡಬೇಕು. 2³ × 2⁴ = 2⁷.
• ಭಾಗಾಕಾರ: ಆಧಾರ ಸಂಖ್ಯೆ ಒಂದೇ ಆಗಿದ್ದರೆ ಘಾತಾಂಕಗಳನ್ನು ಕಳೆಯಬೇಕು. 5⁶ ÷ 5⁴ = 5².
• ಘಾತದ ಘಾತ: ಘಾತಾಂಕಗಳನ್ನು ಗುಣಿಸಬೇಕು. (3²)⁴ = 3⁸.
• ಗುಣಲಬ್ಧದ ಘಾತ: ಪ್ರತಿಯೊಂದು ಅಪವರ್ತನಕ್ಕೂ ಘಾತಾಂಕ ಅನ್ವಯಿಸುತ್ತದೆ. (2 × 5)³ = 2³ × 5³.
• ಶೂನ್ಯ ಘಾತಾಂಕ: ಸೊನ್ನೆಯಲ್ಲದ ಯಾವುದೇ ಸಂಖ್ಯೆಗೆ ಬೆಲೆ 1. 5³ ÷ 5³ = 1; ಭಾಗಾಕಾರ ನಿಯಮದಂತೆ ಇದೇ 5⁰.
• ಋಣ ಘಾತಾಂಕ: ಇದು ವ್ಯುತ್ಕ್ರಮವನ್ನು ಸೂಚಿಸುತ್ತದೆ. 2⁻³ = 1/8.
• ಭಿನ್ನರಾಶಿ ಘಾತಾಂಕ: ಛೇದವು ಮೂಲವನ್ನೂ ಅಂಶವು ಘಾತವನ್ನೂ ಸೂಚಿಸುತ್ತದೆ. 8ರ ಘಾತಾಂಕ 2/3 ಆದಾಗ, 8ರ ಘನಮೂಲವಾದ 2ನ್ನು ವರ್ಗ ಮಾಡಿ 4 ಪಡೆಯಲಾಗುತ್ತದೆ.

ಪರೀಕ್ಷಾ ಪ್ರಶ್ನೆಗಳಲ್ಲಿ ಬಳಕೆ

ಎಸ್‌ಎಟಿಯ ಈಗಿನ ಡಿಜಿಟಲ್ ರೂಪದಲ್ಲಿ ಗಣಿತ ವಿಭಾಗಕ್ಕೆ 44 ಪ್ರಶ್ನೆಗಳೂ 70 ನಿಮಿಷಗಳ ಅವಧಿಯೂ ಇವೆ. ವಿಭಾಗದ ಉದ್ದಕ್ಕೂ ಕ್ಯಾಲ್ಕುಲೇಟರ್ ಬಳಸಬಹುದು. ಆದರೆ ಘಾತಾಂಕದ ಸ್ಥಾನದಲ್ಲಿ ಅಕ್ಷರಗಳಿದ್ದಾಗ ನಿಯಮಗಳ ತಿಳಿವಳಿಕೆಯೇ ನೇರ ದಾರಿ. ಇಂತಹ ಪ್ರಶ್ನೆಗಳಲ್ಲಿ ಮೊದಲ ಹೆಜ್ಜೆ ಆಧಾರ ಸಂಖ್ಯೆಗಳನ್ನು ಸಮಗೊಳಿಸುವುದು.

ಉದಾಹರಣೆಗೆ, 2ಪ − ಬ = 5 ಆಗಿದ್ದರೆ, 9ರ ಪ-ಘಾತವನ್ನು 3ರ ಬ-ಘಾತದಿಂದ ಭಾಗಿಸಿದಾಗ ಬರುವ ಬೆಲೆಯನ್ನು ಕಂಡುಹಿಡಿಯಬೇಕಾಗಿದೆ ಎಂದಿಟ್ಟುಕೊಳ್ಳಬಹುದು. ಪ ಮತ್ತು ಬ ಬೆಲೆಗಳನ್ನು ಈ ಒಂದೇ ಸಮೀಕರಣದಿಂದ ಪ್ರತ್ಯೇಕವಾಗಿ ನಿರ್ಧರಿಸಲಾಗದು. ಅದರ ಅಗತ್ಯವೂ ಇಲ್ಲ. 9 = 3² ಆದ್ದರಿಂದ 9ರ ಪ-ಘಾತವು 3ರ 2ಪ-ಘಾತಕ್ಕೆ ಸಮ. ಭಾಗಿಸಿದಾಗ 3ರ ಘಾತಾಂಕವು 2ಪ − ಬ, ಅಂದರೆ 5 ಆಗುತ್ತದೆ. ಉತ್ತರ 3⁵ = 243.

ಸಾಮಾನ್ಯ ತಪ್ಪುಗಳು

ಮೇಲಿನ ನಿಯಮಗಳು ಗುಣಾಕಾರ, ಭಾಗಾಕಾರಗಳಿಗೆ ಸಂಬಂಧಿಸಿದವು, ಸಂಕಲನಕ್ಕೆ ಅನ್ವಯಿಸುವುದಿಲ್ಲ. ಕೆಲವು ತಪ್ಪುಗಳು ಈ ಮಿತಿಯನ್ನು ಮರೆಯುವುದರಿಂದ ಉಂಟಾಗುತ್ತವೆ.

• 2³ + 2⁴ ಎಂಬುದು 2⁷ ಅಲ್ಲ. ಸಾಮಾನ್ಯ ಅಪವರ್ತನವನ್ನು ಹೊರತೆಗೆದರೆ 2³ × (1 + 2) = 24; ಆದರೆ 2⁷ = 128.
• (3 + 4)² = 49; ಇದು 3² + 4² = 25ಕ್ಕೆ ಸಮವಲ್ಲ.
• 2³ × 2⁴ ಎಂಬುದನ್ನು 4⁷ ಎಂದು ಬರೆಯುವುದು ತಪ್ಪು. ಆಧಾರ ಸಂಖ್ಯೆ ಬದಲಾಗದು.
• −3² = −9, (−3)² = 9. ಆವರಣವಿಲ್ಲದಿದ್ದಾಗ ಘಾತಾಂಕವು 3ಕ್ಕೆ ಮಾತ್ರ ಸೇರಿದೆ.
• 2⁻³ಯ ಬೆಲೆ −8 ಅಲ್ಲ. ಋಣ ಘಾತಾಂಕವು ಬೆಲೆಯನ್ನು ಋಣಾತ್ಮಕವಾಗಿಸುವುದಿಲ್ಲ.

ನಿಯಮದ ಬಗ್ಗೆ ಸಂದೇಹ ಬಂದಾಗ ಚಿಕ್ಕ ಸಂಖ್ಯೆಗಳನ್ನು ಆದೇಶಿಸಿ ಎರಡೂ ಬದಿಗಳ ಬೆಲೆಗಳನ್ನು ತಾಳೆ ನೋಡಬಹುದು. ಬೆಲೆಗಳು ಬೇರೆಯಾದರೆ ಆ ಸುಲಭೀಕರಣ ತಪ್ಪೆಂಬುದು ಖಚಿತ. ಆದರೆ ಒಂದು ಬಾರಿ ಸಮವಾದ ಮಾತ್ರಕ್ಕೆ ಅದು ಸರಿಯೆಂದು ಸಿದ್ಧವಾಗುವುದಿಲ್ಲ.