ಎರಡು ಪ್ರತಿರೋಧಗಳ ನಡುವೆ: ಜಾರ್ಜ್ ಬಿದೋ ಅವರ ರಾಜಕೀಯ ಜೀವನ

ಎರಡನೆಯ ಮಹಾಯುದ್ಧೋತ್ತರ ಫ್ರಾನ್ಸಿನ ರಾಜಕೀಯ ಚರಿತ್ರೆಯಲ್ಲಿ ‘ಪ್ರತಿರೋಧ’ ಎಂಬ ಪದಕ್ಕೆ ವಿಶಿಷ್ಟವಾದ ನೈತಿಕ ಅಧಿಕಾರವಿದೆ. 1940ರಿಂದ 1944ರವರೆಗೆ ಜರ್ಮನ್ ಆಕ್ರಮಣವನ್ನೂ ಅದರೊಡನೆ ಕೈಜೋಡಿಸಿದ ವಿಶಿ ಸರ್ಕಾರವನ್ನೂ ಗುಪ್ತವಾಗಿ ಎದುರಿಸಿದವರೇ ನಾಲ್ಕನೆಯ ಗಣರಾಜ್ಯದ ಅನೇಕ ಉನ್ನತ ಸ್ಥಾನಗಳನ್ನು ಅಲಂಕರಿಸಿದರು. ಅಂಥವರಲ್ಲಿ ಜಾರ್ಜ್ ಬಿದೋ (1899–1983) ಅವರ ಜೀವನ ವಿಶೇಷ ಪರಿಶೀಲನೆಗೆ ಅರ್ಹವಾದುದು. ‘ರಾಷ್ಟ್ರೀಯ ಪ್ರತಿರೋಧ ಮಂಡಳಿ’ ಎಂಬ ಒಂದೇ ಹೆಸರಿನ ಎರಡು ಸಂಸ್ಥೆಗಳಿಗೆ ಅವರು ಅಧ್ಯಕ್ಷರಾದರು. ಮೊದಲನೆಯದು 1943ರಲ್ಲಿ ನಾತ್ಸಿ ಆಳ್ವಿಕೆಯ ವಿರುದ್ಧ. ಎರಡನೆಯದು 1962ರಲ್ಲಿ ಅಲ್ಜೀರಿಯದ ಸ್ವಾತಂತ್ರ್ಯದ ವಿರುದ್ಧ. ಈ ಎರಡರ ನಡುವಿನ ಹಾದಿಯನ್ನು ಗುರುತಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಅಧ್ಯಾಪಕ ಮತ್ತು ಪತ್ರಕರ್ತ

ಬಿದೋ ಅವರು 1899ರ ಅಕ್ಟೋಬರ್ 5ರಂದು ಮಧ್ಯ ಫ್ರಾನ್ಸಿನ ಅಲಿಯೆ ಪ್ರಾಂತ್ಯದಲ್ಲಿ ಜನಿಸಿದರು. ಜೆಸ್ಯುಯಿಟ್ ಪಾದ್ರಿಗಳ ಶಾಲೆಯಲ್ಲಿ ಕಲಿತು, ಪ್ಯಾರಿಸಿನಲ್ಲಿ ಇತಿಹಾಸವನ್ನು ಅಭ್ಯಸಿಸಿ, ಪ್ರೌಢಶಿಕ್ಷಣದ ಇತಿಹಾಸ ಅಧ್ಯಾಪಕರಾದರು. 1930ರ ದಶಕದಲ್ಲಿ ‘ಲೋಬ್’ ಎಂಬ ಕ್ರೈಸ್ತ ಪ್ರಜಾಸತ್ತಾವಾದಿ ದಿನಪತ್ರಿಕೆಯಲ್ಲಿ ವಿದೇಶ ವ್ಯವಹಾರಗಳನ್ನು ಕುರಿತು ಬರೆಯುತ್ತಿದ್ದ ಅವರು, 1938ರ ಮ್ಯೂನಿಕ್ ಒಪ್ಪಂದವನ್ನು ಸ್ಪಷ್ಟವಾಗಿ ವಿರೋಧಿಸಿದರು. ಫ್ರಾನ್ಸಿನ ಬಹುಪಾಲು ಪತ್ರಿಕೆಗಳು ಆ ಒಪ್ಪಂದವನ್ನು ಸ್ವಾಗತಿಸಿದ್ದ ಕಾಲದಲ್ಲಿ ಇದು ಅಲ್ಪಸಂಖ್ಯಾತರ ನಿಲುವಾಗಿತ್ತು. ಬಲವಂತನ ಒತ್ತಡಕ್ಕೆ ಮಣಿದು ನೆಲವನ್ನು ಬಿಟ್ಟುಕೊಡುವುದು ಶಾಂತಿಯನ್ನು ತರಲಾರದೆಂಬ ನಂಬಿಕೆ ಅವರಲ್ಲಿ ಆಗಲೇ ಬೇರೂರಿತ್ತು. ಮುಂದೆ ಅವರ ಶಕ್ತಿಗೂ ದೌರ್ಬಲ್ಯಕ್ಕೂ ಇದೇ ನಂಬಿಕೆ ಮೂಲವಾಯಿತು.

ಗುಪ್ತ ಮಂಡಳಿಯ ಅಧ್ಯಕ್ಷತೆ

1940ರ ಸೋಲಿನಲ್ಲಿ ಯುದ್ಧಕೈದಿಯಾಗಿ ಸೆರೆಸಿಕ್ಕ ಬಿದೋ ಅವರು 1941ರಲ್ಲಿ ಬಿಡುಗಡೆ ಹೊಂದಿ ಲಿಯೋಂ ನಗರದಲ್ಲಿ ಮತ್ತೆ ಅಧ್ಯಾಪನಕ್ಕೆ ತೊಡಗಿದರು. ಹಗಲು ತರಗತಿಯಲ್ಲಿ ಇತಿಹಾಸದ ಪಾಠ, ಉಳಿದ ಹೊತ್ತಿನಲ್ಲಿ ‘ಕೋಂಬಾ’ ಗುಪ್ತ ಸಂಘಟನೆಯ ಕೆಲಸ ಎಂಬಂತೆ ಅವರ ದಿನಚರಿ ಸಾಗಿತು. 1942ರಲ್ಲಿ ಜನರಲ್ ಡಿ ಗಾಲ್ ಅವರ ಪ್ರತಿನಿಧಿ ಜ್ಯಾಂ ಮೂಲಾಂ ಅವರು ಸ್ಥಾಪಿಸಿದ ಗುಪ್ತ ಸುದ್ದಿ ಕಚೇರಿಯ ಹೊಣೆ ಅವರಿಗೆ ದೊರೆಯಿತು.

ಚದುರಿಹೋಗಿದ್ದ ಪ್ರತಿರೋಧ ಶಕ್ತಿಗಳನ್ನು ಒಂದುಗೂಡಿಸುವುದು ಮೂಲಾಂ ಅವರ ಕಾರ್ಯವಾಗಿತ್ತು. ಅದರ ಫಲವಾಗಿ 1943ರ ಮೇ 27ರಂದು ಪ್ಯಾರಿಸಿನ ಫೂರ್ ಬೀದಿಯ ಮನೆಯೊಂದರಲ್ಲಿ ರಾಷ್ಟ್ರೀಯ ಪ್ರತಿರೋಧ ಮಂಡಳಿಯ ಮೊದಲ ಸಭೆ ಜರುಗಿತು. ಎಂಟು ಪ್ರತಿರೋಧ ಸಂಘಟನೆಗಳು, ಆರು ರಾಜಕೀಯ ಪಕ್ಷಗಳು ಮತ್ತು ಎರಡು ಕಾರ್ಮಿಕ ಒಕ್ಕೂಟಗಳ ಪ್ರತಿನಿಧಿಗಳು ಅದರಲ್ಲಿದ್ದರು. ಒಂದು ತಿಂಗಳು ಕಳೆಯುವ ಮುನ್ನವೇ, ಜೂನ್ 21ರಂದು, ಮೂಲಾಂ ಅವರು ಲಿಯೋಂ ಸಮೀಪದ ಕಾಲ್ಯುಯಿರ್‌ನಲ್ಲಿ ಬಂಧಿತರಾಗಿ ಚಿತ್ರಹಿಂಸೆಯಿಂದ ಮರಣ ಹೊಂದಿದರು. ತೆರವಾದ ಅಧ್ಯಕ್ಷಸ್ಥಾನಕ್ಕೆ ಕೆಲವೇ ತಿಂಗಳಲ್ಲಿ ಬಿದೋ ಅವರು ಆಯ್ಕೆಯಾದರು. ಕ್ಯಾಥೊಲಿಕರಾಗಿದ್ದೂ ಕಮ್ಯುನಿಸ್ಟರೊಡನೆ ಕೆಲಸ ಮಾಡಬಲ್ಲವರು, ಲಂಡನ್ನಿನಿಂದ ಬಂದವರಲ್ಲದೆ ದೇಶದೊಳಗಿನ ಹೋರಾಟದಿಂದಲೇ ಬಂದವರು ಎಂಬುದು ಈ ಆಯ್ಕೆಗೆ ಅನುಕೂಲವಾಯಿತು. ಪೂರ್ಣ ಸಭೆ ಸೇರುವುದು ಪ್ರಾಣಾಪಾಯವಾಗಿದ್ದುದರಿಂದ ಐವರ ಕಾರ್ಯಮಂಡಳಿಯೊಂದು ವ್ಯವಹಾರ ನಡೆಸುತ್ತಿತ್ತು.

1944ರ ಮಾರ್ಚ್ 15ರಂದು ಮಂಡಳಿಯು ಅಂಗೀಕರಿಸಿದ ಕಾರ್ಯಕ್ರಮ ಫ್ರಾನ್ಸಿನ ಆಧುನಿಕ ಚರಿತ್ರೆಯ ಮಹತ್ವದ ದಾಖಲೆಗಳಲ್ಲೊಂದು. ಇಂಧನ ಮೂಲಗಳು, ವಿಮೆ ಮತ್ತು ದೊಡ್ಡ ಬ್ಯಾಂಕುಗಳ ರಾಷ್ಟ್ರೀಕರಣ, ಎಲ್ಲರಿಗೂ ಸಾಮಾಜಿಕ ಭದ್ರತೆ, ಹಣಬಲದಿಂದ ಮುಕ್ತವಾದ ಪತ್ರಿಕೆಗಳು ಇವು ಅದರ ಮುಖ್ಯ ಅಂಶಗಳು. ಆದರೆ ವಸಾಹತುಗಳ ವಿಷಯದಲ್ಲಿ ಅದು ಹೇಳಿದ್ದು ಅತ್ಯಲ್ಪ: ಅಲ್ಲಿನ ಮೂಲನಿವಾಸಿಗಳ ರಾಜಕೀಯ, ಸಾಮಾಜಿಕ, ಆರ್ಥಿಕ ಹಕ್ಕುಗಳನ್ನು ವಿಸ್ತರಿಸಬೇಕೆಂಬ ಒಂದು ಮಾತು ಮಾತ್ರ. ಹಕ್ಕುಗಳ ವಿಸ್ತರಣೆಯ ಪ್ರಸ್ತಾಪವಿತ್ತೇ ಹೊರತು ಸ್ವಾತಂತ್ರ್ಯದ ಪ್ರಸ್ತಾಪವಿರಲಿಲ್ಲ.

ಅಧಿಕಾರದ ವರ್ಷಗಳು

1944ರ ಆಗಸ್ಟ್ 25ರಂದು, ಪ್ಯಾರಿಸ್ ವಿಮೋಚನೆಯ ದಿನ, ನಗರಸಭಾ ಭವನದಲ್ಲಿ ಗಣರಾಜ್ಯವನ್ನು ಘೋಷಿಸಬೇಕೆಂದು ಬಿದೋ ಅವರು ಡಿ ಗಾಲ್ ಅವರನ್ನು ಕೋರಿದರು. ಗಣರಾಜ್ಯವು ಎಂದೂ ಅಳಿದಿರಲಿಲ್ಲವಾದ್ದರಿಂದ ಅದನ್ನು ಮತ್ತೆ ಘೋಷಿಸುವ ಅಗತ್ಯವಿಲ್ಲವೆಂದು ಡಿ ಗಾಲ್ ನಿರಾಕರಿಸಿದರು. ಈ ಪ್ರಸಂಗವು ಕೇವಲ ಔಪಚಾರಿಕವಾದುದಲ್ಲ. ವಿಮೋಚಿತ ರಾಷ್ಟ್ರದ ಅಧಿಕಾರವು ದೇಶದೊಳಗಿನ ಪ್ರತಿರೋಧದಿಂದ ಹುಟ್ಟಿತೋ, ಲಂಡನ್ನಿನಿಂದ ಮುಂದುವರಿದುಕೊಂಡು ಬಂದಿತೋ ಎಂಬ ಪ್ರಶ್ನೆ ಅದರಲ್ಲಿ ಅಡಗಿತ್ತು. ಇಬ್ಬರ ನಡುವಿನ ಅಂತರದ ಮೊದಲ ಗುರುತನ್ನು ಇಲ್ಲಿ ಕಾಣಬಹುದು.

ಆದರೂ ಮುಂದಿನ ತಿಂಗಳೇ ಬಿದೋ ಅವರು ಡಿ ಗಾಲ್ ಅವರ ತಾತ್ಕಾಲಿಕ ಸರ್ಕಾರದಲ್ಲಿ ವಿದೇಶಾಂಗ ಸಚಿವರಾದರು. ಅಲ್ಪ ಅವಧಿಯೊಂದನ್ನು ಬಿಟ್ಟರೆ 1948ರ ಜುಲೈವರೆಗೆ ಆ ಖಾತೆ ಅವರಲ್ಲಿಯೇ ಉಳಿಯಿತು. ಅವರ ಪಕ್ಷವಾದ ಜನತಾ ಗಣತಂತ್ರ ಚಳವಳಿಯು 1946ರ ಜೂನ್ ಚುನಾವಣೆಯಲ್ಲಿ ಅತಿ ದೊಡ್ಡ ಪಕ್ಷವಾಗಿ ಹೊರಹೊಮ್ಮಿದಾಗ ಅವರೇ ಸರ್ಕಾರದ ಮುಖ್ಯಸ್ಥರಾದರು. 1949–50ರಲ್ಲಿ ಮತ್ತೊಮ್ಮೆ ಪ್ರಧಾನಿಯಾದರು. 1947ರ ಜುಲೈಯಲ್ಲಿ ಮಾರ್ಷಲ್ ಯೋಜನೆಗಾಗಿ ಪ್ಯಾರಿಸಿನಲ್ಲಿ 16 ರಾಷ್ಟ್ರಗಳ ಸಮ್ಮೇಳನವನ್ನು ಕರೆದವರಲ್ಲಿ ಬ್ರಿಟನ್ನಿನ ಬೆವಿನ್ ಅವರೊಡನೆ ಬಿದೋ ಅವರೂ ಇದ್ದರು. ಕನಿಷ್ಠ ವೇತನವನ್ನು ನಿಗದಿಗೊಳಿಸುವ 1950ರ ಫೆಬ್ರುವರಿಯ ಕಾನೂನು ಅವರ ಸರ್ಕಾರದ ಕಾಲದ್ದು.

ಸಾಮ್ರಾಜ್ಯದ ಪ್ರಶ್ನೆಯಲ್ಲಿ ಮಾತ್ರ ಅವರ ನಿಲುವು ಕ್ರಮೇಣ ಕಠಿಣವಾಯಿತು. 1946ರ ಬೇಸಿಗೆಯಲ್ಲಿ ಹೋ ಚಿ ಮಿನ್ ಅವರೊಡನೆ ಫೋಂತೆನ್‌ಬ್ಲೋದಲ್ಲಿ ನಡೆದ ಮಾತುಕತೆ ವಿಫಲವಾದದ್ದೂ, ಅದೇ ನವೆಂಬರಿನಲ್ಲಿ ಹೈಫಾಂಗ್ ಬಂದರಿನ ಮೇಲೆ ಫ್ರೆಂಚ್ ನೌಕಾಪಡೆ ಗುಂಡಿನ ಮಳೆಗರೆದದ್ದೂ ಅವರ ಆಡಳಿತದಲ್ಲಿಯೇ. 1953ರಲ್ಲಿ ಮತ್ತೆ ವಿದೇಶಾಂಗ ಸಚಿವರಾಗಿದ್ದಾಗ ಮೊರಾಕ್ಕೋದ ಸುಲ್ತಾನನ ಪದಚ್ಯುತಿ ಜರುಗಿತು. 1954ರ ಮೇ 7ರಂದು ದಿಯೆನ್ ಬಿಯೆನ್ ಫು ಪತನವಾದಾಗ ಅವರು ಜಿನೀವಾ ಸಮ್ಮೇಳನದಲ್ಲಿದ್ದರು. ಮರುತಿಂಗಳು ಸರ್ಕಾರ ಬಿದ್ದು, ಇಂಡೋಚೈನಾದ ಯುದ್ಧವಿರಾಮ ಅವರ ಉತ್ತರಾಧಿಕಾರಿ ಮೆಂದೆಸ್ ಫ್ರಾನ್ಸ್ ಅವರ ಪಾಲಿಗೆ ಬಂದಿತು.

ಎರಡನೆಯ ‘ಪ್ರತಿರೋಧ’

ಆಡಳಿತದ ದೃಷ್ಟಿಯಿಂದ ಅಲ್ಜೀರಿಯವು 1848ರಿಂದ ಫ್ರಾನ್ಸಿನದೇ ಪ್ರಾಂತ್ಯಗಳಾಗಿ ಪರಿಗಣಿತವಾಗಿತ್ತು. ಆದುದರಿಂದ ಅದನ್ನು ಬಿಟ್ಟುಕೊಡುವುದು 1940ರ ಶರಣಾಗತಿಗೆ ಸಮಾನವೆಂಬುದು ಬಿದೋ ಅವರ ವಾದ. 1958ರಲ್ಲಿ ಡಿ ಗಾಲ್ ಅವರ ಪುನರಾಗಮನವನ್ನು ಬೆಂಬಲಿಸಿದ ಅವರು, ಅಲ್ಜೀರಿಯಕ್ಕೆ ಸ್ವನಿರ್ಣಯದ ಹಕ್ಕು ನೀಡುವ ನೀತಿ ಸ್ಪಷ್ಟವಾಗುತ್ತಿದ್ದಂತೆ ವಿರೋಧಿಯಾದರು. 1962ರ ಮಾರ್ಚ್ 18ರಂದು ಎವಿಯಾಂ ಒಪ್ಪಂದಕ್ಕೆ ಸಹಿಯಾಯಿತು; ಏಪ್ರಿಲ್ 8ರ ಜನಮತಗಣನೆಯಲ್ಲಿ ಶೇ. 90ಕ್ಕೂ ಹೆಚ್ಚು ಮತದಾರರು ಅದನ್ನು ಅನುಮೋದಿಸಿದರು. ಅಷ್ಟರಲ್ಲಿ ಗುಪ್ತವಾಗಿ ದೇಶವನ್ನು ತೊರೆದಿದ್ದ ಬಿದೋ ಅವರು, ‘ರಹಸ್ಯ ಸೈನ್ಯ ಸಂಘಟನೆ’ಯ ನಾಯಕ ಜನರಲ್ ಸಲಾಂ ಬಂಧಿತರಾದ ಬಳಿಕ, ಆ ಸಂಘಟನೆಗೆ ಸಂಬಂಧಿಸಿದ ಹೊಸ ‘ರಾಷ್ಟ್ರೀಯ ಪ್ರತಿರೋಧ ಮಂಡಳಿ’ಯ ಅಧ್ಯಕ್ಷತೆಯನ್ನು ವಹಿಸಿಕೊಂಡರು.

ಹಳೆಯ ಹೆಸರು ಯಾವ ಸಂಗದಲ್ಲಿ ಸೇರಿತ್ತೆಂಬುದನ್ನು ಒಂದು ಘಟನೆ ತೋರಿಸುತ್ತದೆ. ರಾವೆನ್ಸ್‌ಬ್ರೂಕ್ ಸೆರೆಶಿಬಿರದಿಂದ ಬದುಕಿ ಬಂದಿದ್ದ ಪ್ರತಿರೋಧ ಹೋರಾಟಗಾರ್ತಿ ಜೆರ್ಮೆನ್ ತಿಯ್ಯೋಂ ಅವರು 1955ರಲ್ಲಿ ಅಲ್ಜೀರಿಯದ ಬಡಜನರ ಶಿಕ್ಷಣಕ್ಕಾಗಿ ಸಾಮಾಜಿಕ ಕೇಂದ್ರಗಳನ್ನು ಆರಂಭಿಸಿದ್ದರು. 1962ರ ಮಾರ್ಚ್ 15ರಂದು ರಹಸ್ಯ ಸೈನ್ಯ ಸಂಘಟನೆಯವರು ಆ ಕೇಂದ್ರಗಳ ಆರು ಮಂದಿ ಅಧಿಕಾರಿಗಳನ್ನು ಗುಂಡಿಟ್ಟು ಕೊಂದರು; ಸಾಹಿತಿ ಮುಲೂದ್ ಫೆರೌನ್ ಅವರಲ್ಲೊಬ್ಬರು. ಬಿದೋ ಅವರ ಮೊದಲ ಮಂಡಳಿ ತನ್ನ ಕಾರ್ಯಕ್ರಮವನ್ನು ಅಂಗೀಕರಿಸಿ ಅಂದಿಗೆ ಸರಿಯಾಗಿ 18 ವರ್ಷ ಸಂದಿತ್ತು. ‘ಕೋಂಬಾ’ದ ಹಳೆಯ ಸಹೋದ್ಯೋಗಿ ಕ್ಲೋದ್ ಬುರ್ದೆ ಅವರು 1951ರಲ್ಲಿಯೇ ಅಲ್ಜೀರಿಯದ ಪೊಲೀಸರ ಚಿತ್ರಹಿಂಸೆಯನ್ನು ಗೆಸ್ಟಾಪೊಗೆ ಹೋಲಿಸಿ ಬರೆದಿದ್ದರು. ಅಂದರೆ ಒಂದೇ ಹೋರಾಟದ ನೆನಪಿನಿಂದ ಪರಸ್ಪರ ವಿರುದ್ಧವಾದ ಎರಡು ಪಾಠಗಳು ಹೊರಟಿದ್ದವು. ಬಿದೋ ಅವರಿಗೆ ಮುಖ್ಯವಾದದ್ದು ನೆಲದ ಅಖಂಡತೆ. ಬುರ್ದೆ ಮತ್ತು ತಿಯ್ಯೋಂ ಅವರಿಗೆ ಮುಖ್ಯವಾದದ್ದು ಆಳಿಸಿಕೊಳ್ಳುವವರ ಮಾನವ ಘನತೆ.

1962ರ ಜುಲೈಯಲ್ಲಿ ಬಿದೋ ಅವರ ಸಂಸದೀಯ ರಕ್ಷಣೆ ರದ್ದಾಯಿತು. ಬ್ರೆಜಿಲ್ ಹಾಗೂ ಬೆಲ್ಜಿಯಂ ಸೇರಿದಂತೆ ಹಲವು ದೇಶಗಳಲ್ಲಿ ಆಶ್ರಯ ಪಡೆದ ಅವರು 1968ರ ಜೂನ್‌ನಲ್ಲಿ ಸ್ವದೇಶಕ್ಕೆ ಮರಳಿದರು. 1983ರ ಜನವರಿಯಲ್ಲಿ ಅವರು ನಿಧನರಾದರು.

ಉಪಸಂಹಾರ

ಬಿದೋ ಅವರ ಜೀವನವನ್ನು ಪೂರ್ವಾರ್ಧದ ವೀರ, ಉತ್ತರಾರ್ಧದ ದ್ರೋಹಿ ಎಂದು ವಿಭಜಿಸುವುದು ಸುಲಭ. ಆದರೆ ಅದು ಪೂರ್ಣ ಸತ್ಯವಲ್ಲ. ಮ್ಯೂನಿಕ್ಕಿನಿಂದ ಅಲ್ಜೀರಿಯದವರೆಗೆ ಅವರ ಮೂಲ ನಂಬಿಕೆ ಬದಲಾಗಲಿಲ್ಲ. ಬದಲಾದದ್ದು ಅವರು ರಕ್ಷಿಸಹೊರಟ ನೆಲದ ಸ್ವರೂಪ. 1940ರಲ್ಲಿ ಫ್ರಾನ್ಸು ಆಕ್ರಮಣಕ್ಕೆ ಒಳಗಾದ ದೇಶ; ಅಲ್ಜೀರಿಯದಲ್ಲಿ ಅದೇ ಆಳುವ ಶಕ್ತಿ. ಈ ವ್ಯತ್ಯಾಸವನ್ನು ಅವರು ಕಾಣಲಿಲ್ಲ. ಪ್ರತಿರೋಧದ ನೈತಿಕ ಬಲವಿದ್ದದ್ದು ಆ ಹೆಸರಿನಲ್ಲಲ್ಲ, ಅದು ಯಾರ ಪರವಾಗಿ ನಿಂತಿತೆಂಬುದರಲ್ಲಿ. 1944ರ ಕಾರ್ಯಕ್ರಮವು ವಸಾಹತುಗಳಿಗೆ ಮೀಸಲಿಟ್ಟ ಆ ಒಂದೇ ಮಾತಿನ ಕೊರತೆಯನ್ನು ಅದರ ಅಧ್ಯಕ್ಷರ ಉತ್ತರ ಜೀವನವೇ ಪ್ರಕಟಗೊಳಿಸಿತು.