ಸೇವೆಗೂ ಒಂದು ಕಾಲೇಜು ಬೇಕೆ?

ಚೆಂಬೂರು ದಾಟಿ ದೇವನಾರಿಗೆ ಬಂದರೆ 'ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಶಿಯಲ್ ಸೈನ್ಸಸ್' ಸಿಗುತ್ತದೆ. ಮುಂಬಯಿಗೆ ಬಂದ ಹೊಸತರಲ್ಲಿ ನನಗೊಂದು ಅನುಮಾನವಿತ್ತು. ಸಮಾಜಸೇವೆಗೆ ಒಳ್ಳೆ ಮನಸ್ಸು ಸಾಲದೇ, ಡಿಗ್ರಿ ಯಾಕೆ? ಹಗಲು ಹೋಟೆಲಿನಲ್ಲಿ ದುಡಿಯುವ ನಮ್ಮ ಹುಡುಗರಿಗೆ ರಾತ್ರಿಶಾಲೆ ನಡೆಸಿದ ಹಿರಿಯರು ಯಾವ ಕೋರ್ಸು ಮಾಡಿದ್ದರು?

ಉತ್ತರಕ್ಕೆ ನಾಗಪಾಡಾಕ್ಕೆ ಹೋಗಬೇಕು. ಬೈಕಲಾ ಹತ್ತಿರದ ಆ ಬಡವರ ವಸತಿಯಲ್ಲಿ 1920ರ ದಶಕದಲ್ಲಿ ಅಮೆರಿಕದ ಮಿಷನರಿ ಕ್ಲಿಫರ್ಡ್ ಮ್ಯಾನ್‌ಶರ್ಟ್ 'ನೇಬರ್‌ಹುಡ್ ಹೌಸ್' ಶುರುಮಾಡಿದರು. ಜನರ ನಡುವೆಯೇ ಇದ್ದು ನೋಡಿದ ಅವರಿಗೆ, ಬರಿಯ ದಾನಧರ್ಮದಿಂದ ಆಗದು, ತರಬೇತಿ ಪಡೆದವರು ಬೇಕು ಅನ್ನಿಸಿತು. ದೊರಾಬ್ಜಿ ಟಾಟಾ ಟ್ರಸ್ಟಿನ ಹಣದಿಂದ 1936ರಲ್ಲಿ 'ಸರ್ ದೊರಾಬ್ಜಿ ಟಾಟಾ ಗ್ರಾಜುಯೇಟ್ ಸ್ಕೂಲ್ ಆಫ್ ಸೋಶಿಯಲ್ ವರ್ಕ್' ಹುಟ್ಟಿತು. ಮೊದಲ ನಿರ್ದೇಶಕರು ಮ್ಯಾನ್‌ಶರ್ಟರೇ. 1944ರಲ್ಲಿ ಈಗಿನ ಹೆಸರು, 1954ರಲ್ಲಿ ದೇವನಾರಿನ ಜಾಗ, 1964ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಮಾನ್ಯತೆ.

ಇಲ್ಲಿ ಸಮಾಜಕಾರ್ಯ ಓದುವವರಿಗೆ ಕ್ಲಾಸಿನಷ್ಟೇ ಫೀಲ್ಡ್‌ವರ್ಕೂ ಮುಖ್ಯ. 1984ರಲ್ಲಿ ಸಂಸ್ಥೆ ಮುಂಬಯಿ ಪೊಲೀಸರ ಜೊತೆ ಸೇರಿ ಹಿಂಸೆಗೊಳಗಾದ ಹೆಂಗಸರಿಗಾಗಿ ಕಮಿಷನರ್ ಕಚೇರಿಯಲ್ಲೇ ವಿಶೇಷ ಘಟಕ ತೆರೆಯಿತು. ಗಂಡನ ಏಟು ತಿಂದು ಬಂದವಳ ಮಾತು ಕೇಳಲು ಅಲ್ಲಿ ತರಬೇತಾದ ಸಮಾಜ ಕಾರ್ಯಕರ್ತೆ ಕೂತಳು. 'ಹೊಂದಿಕೊಂಡು ಹೋಗಮ್ಮ' ಎಂದು ಒಳ್ಳೆ ಮನಸ್ಸಿನಿಂದಲೇ ಹೇಳಿ ಕಳಿಸುವವರು ನಮ್ಮಲ್ಲಿ ಕಡಿಮೆಯೇ? ಅಲ್ಲಿ ಕಲಿಕೆ ಬೇಕಾಗುತ್ತದೆ.

ನಮ್ಮ ಹಿರಿಯರ ರಾತ್ರಿಶಾಲೆಗೆ ಈಗಲೂ ಕೈಮುಗಿಯುತ್ತೇನೆ. ಆದರೆ ನಾಳೆ ನಿಮ್ಮ ಮಗಳು ಸೋಶಿಯಲ್ ವರ್ಕ್ ಓದುತ್ತೇನೆಂದರೆ 'ಅದಕ್ಯಾಕೆ ಕಾಲೇಜು' ಅನ್ನಬೇಡಿ ಮಾರಾಯ್ರೆ!