ಸೋಯಾ ಬೆಳೆಗಾರರ ಪರಿಹಾರ: ಒಂದು ಹಿನ್ನೋಟ

ದರಪಟ್ಟಿ, ಸುತ್ತೋಲೆಗಳ ನಡುವೆಯೇ ದಿನ ಕಳೆಯುವ ನಮ್ಮಂಥ ಗುಮಾಸ್ತರಿಗೆ ಅಮೆರಿಕದ ಸೋಯಾ ಬೆಳೆಗಾರರ ಈ ಕತೆ ತೀರ ಅಪರಿಚಿತವೆನಿಸದು.

2018ರ ಜುಲೈ 6ರಂದು ಅಮೆರಿಕವು ಚೀನದ ಸರಕುಗಳ ಮೇಲೆ ಸುಂಕ ಹೇರಿತು. ಚೀನ ಅಂದೇ ಅಮೆರಿಕದ ಸೋಯಾ ಮೇಲೆ ಶೇಕಡಾ 25ರಷ್ಟು ಸುಂಕ ವಿಧಿಸಿತು. ಅತಿ ದೊಡ್ಡ ಗಿರಾಕಿಯೇ ಮುಖ ತಿರುಗಿಸಲಾಗಿ ಬೆಲೆ ಕುಸಿಯಿತು. ಆಗ ಅಲ್ಲಿಯ ಕೃಷಿ ಇಲಾಖೆ ಬುಶೆಲಿಗೆ, ಅಂದರೆ ಸುಮಾರು 27 ಕಿಲೋ ಸೋಯಾಕ್ಕೆ, 1.65 ಡಾಲರು ಪರಿಹಾರ ಕೊಟ್ಟಿತು. ಮೆಕ್ಕೆಜೋಳಕ್ಕೆ ಸಿಕ್ಕಿದ್ದು ಬುಶೆಲಿಗೆ ಒಂದೇ ಸೆಂಟು!

ಹೀಗಾದರೆ ರೈತರೆಲ್ಲ ಹೆಚ್ಚು ದರದ ಬೆಳೆಗೇ ಮುಗಿಬಿದ್ದಾರೆಂದು 2019ರಲ್ಲಿ ಪದ್ಧತಿ ಬದಲಾಯಿತು. ನಮ್ಮ ತಾಲ್ಲೂಕಿನಂತೆ ಅಲ್ಲಿ ‘ಕೌಂಟಿ’ ಉಂಟಷ್ಟೆ. ಒಂದೊಂದು ಕೌಂಟಿಗೆ ಒಂದೊಂದು ದರ, ಎಕರೆಗೆ 15ರಿಂದ 150 ಡಾಲರಿನವರೆಗೆ. ಸೋಯಾ ಬಿತ್ತಿರಲಿ, ಮೆಕ್ಕೆಜೋಳ ಬಿತ್ತಿರಲಿ, ಕೌಂಟಿಯೊಳಗೆ ದರ ಒಂದೇ.

ಲೆಕ್ಕ ಸುಲಭವಾಯಿತು, ನ್ಯಾಯ ಸುಲಭವಾಗಲಿಲ್ಲ. ಗಡಿಯ ಬೇಲಿಗೆ ಈಚೆ ಒಂದು ದರ, ಆಚೆ ಇನ್ನೊಂದು. ಒಂದೇ ಮಣ್ಣು, ಒಂದೇ ಮಳೆ, ಒಂದೇ ನಷ್ಟವಿದ್ದರೂ ನೆರೆಹೊರೆಯವರ ಕೈಗೆ ಬಂದ ಹಣ ಬೇರೆಯಾಗಬಹುದಿತ್ತು. ಗಡಿ ಎಳೆದವರು ಸೋಯಾವನ್ನು ನೆನೆದು ಎಳೆದಿರಲಿಲ್ಲವಲ್ಲ!

ಇನ್ನೊಂದು ಮಾತು. 1973ರಲ್ಲಿ ಅಮೆರಿಕ ತಾನೇ ಸೋಯಾ ರಫ್ತನ್ನು ತಡೆದಾಗ ಜಪಾನು ಬ್ರೆಜಿಲಿನತ್ತ ನೋಡಿತ್ತು. 2018ರಲ್ಲಿ ಚೀನವೂ ಹೆಚ್ಚಿನ ಸರಕಿಗೆ ಅಲ್ಲಿಗೇ ಹೋಯಿತು. ಪರಿಹಾರಧನ ಆ ವರ್ಷದ ನಷ್ಟವನ್ನು ಒಂದಿಷ್ಟು ತುಂಬೀತು. ದೂರವಾದ ಗಿರಾಕಿಯನ್ನು ಮರಳಿ ಕರೆತರುವ ಕಲಮು ಮಾತ್ರ ಯಾವ ಸುತ್ತೋಲೆಯಲ್ಲೂ ನಮಗೆ ಕಂಡಿಲ್ಲ.